ಹಾಡಬಾರದ ಹೊತ್ತು

ನಮ್ಮ ಮನೆಯಲ್ಲಿ ಹಾಡುವುದಕ್ಕೂ ಶಿಫ್ಟ್ ಇತ್ತು. ಅಪ್ಪ ಚಿನ್ನದ ಗಣಿಯ ಕೆಲಸಗಾರ, ಊರಿಗಾಂನಲ್ಲಿ ಕಂಪನಿ ಸಾಲಾಗಿ ಕಟ್ಟಿಸಿದ ಲೈನು ಮನೆಯೊಂದರಲ್ಲಿ ನಮ್ಮ ವಾಸ. ಅವನು ಭೂಮಿಯೊಳಗೆ ಇಳಿದಿರುವಷ್ಟು ಹೊತ್ತು ಮನೆಯಲ್ಲಿ ಯಾರೂ ಹಾಡಬಾರದು ಎಂಬುದು ಅಪ್ಪನ ತಾಯಿ, ಅಂದರೆ ನಮ್ಮ ಅಜ್ಜಿ, ಮಾಡಿದ ಕಟ್ಟಳೆ. ಗಂಡಸು ಕೆಳಗೆ ಕತ್ತಲಲ್ಲಿ ಬಂಡೆ ಒಡೆಯುತ್ತಿರುವಾಗ ಮೇಲೆ ಅವನ ಮನೆಯ ಹೆಂಗಸರು ರಾಗ ಎಳೆದರೆ ಕೇಡು ಎಂದು ಲೈನಿನಲ್ಲಿ ಬೇರೆಯವರೂ ನಂಬುತ್ತಿದ್ದರು. ಆದರೆ ಅವರ ನಂಬಿಕೆ ಸಡಿಲ, ಹಬ್ಬ ಬಂದರೆ ಮರೆತುಬಿಡುತ್ತಿದ್ದರು. ನಮ್ಮಜ್ಜಿ ಮರೆಯುವ ಪೈಕಿ ಅಲ್ಲ. ಅಪ್ಪ ಹಗಲು ಶಿಫ್ಟಿಗೆ ಹೋದರೆ ಹಗಲು ಹಾಡುವಂತಿಲ್ಲ. ರಾತ್ರಿ ಶಿಫ್ಟಿಗೆ ಹೋದರೆ ರಾತ್ರಿ ಹಾಡುವಂತಿಲ್ಲ. ಬೆಳಿಗ್ಗೆ ಬಂದು ಮಲಗುತ್ತಾನಲ್ಲ, ಆಗ ಅವನ ನಿದ್ದೆ ಕೆಡುತ್ತದೆಂದು ಹಾಡುವಂತಿಲ್ಲ. ಕೊನೆಗೆ ಉಳಿಯುತ್ತಿದ್ದದ್ದು ಅವನು ಎದ್ದು ಟೀ ಕುಡಿಯುತ್ತ ಹೊಸ್ತಿಲ ಮೇಲೆ ಕೂತಿರುವಷ್ಟು ಹೊತ್ತು. ಆ ಹೊತ್ತಿಗೆ ಅವ್ವನಿಗೆ ಒಲೆ ಮುಂದೆ ಮೈತುಂಬ ಕೆಲಸ. ಸಿನಿಮಾಕ್ಕೆ ಹಾಡು ಬರೆದು ಹೊಟ್ಟೆ ಹೊರೆದುಕೊಂಡ ನಾನು ಇಂಥ ಮನೆಯಲ್ಲಿ ಬೆಳೆದೆ ಎಂದರೆ ಜನ ನಗುತ್ತಾರೆ. ನಗಲಿ, ನಾನೂ ನಕ್ಕಿದ್ದೇನೆ.

ಇದರಲ್ಲಿ ನಗು ಬಾರದ ಸಂಗತಿಯೆಂದರೆ ಅವ್ವ. ಅವಳ ತವರು ಬಂಗಾರಪೇಟೆ. ಮದುವೆಗೆ ಮುಂಚೆ ಆ ಸುತ್ತಿನಲ್ಲಿ, ಅತ್ತ ಕಾಮಸಮುದ್ರದ ಹಳ್ಳಿಗಳ ತನಕ, ಎಲ್ಲಿ ಮದುವೆಯಾದರೂ ಸೋಬಾನೆಗೆ ಅವಳೇ ಬೇಕು. ಎತ್ತಿನ ಗಾಡಿ ಕಳಿಸಿ ಕರೆಸಿಕೊಳ್ಳುತ್ತಿದ್ದರಂತೆ. ಅಪ್ಪ ಅವಳನ್ನು ನೋಡುವ ಮೊದಲೇ ಕೇಳಿದ್ದ. ಗೆಳೆಯನ ಮದುವೆಗೆ ಹೋದವನು ಚಪ್ಪರದ ಆಚೆ ಕೂತು ಉಣ್ಣುತ್ತಿದ್ದಾಗ ಒಳಗಿನಿಂದ ಬಂದ ದನಿಗೆ ಕೈತುತ್ತು ಕೈಯಲ್ಲೇ ಉಳಿಯಿತೆಂದು ನಮಗೆ ಎಷ್ಟೋ ಸಲ ಹೇಳಿದ್ದಾನೆ. ಅಂಥ ದನಿಯನ್ನು ಹುಡುಕಿಕೊಂಡು ಹೋಗಿ ಮದುವೆಯಾಗಿ, ತಂದು ಹಾಡಬಾರದ ಮನೆಯಲ್ಲಿ ಕೂರಿಸಿದ. ಅವ್ವ ಮೊದಮೊದಲು ಅವನ ಹತ್ತಿರ ಅತ್ತಳಂತೆ. ಅವನು ಮೆತ್ತನೆಯ ಮನುಷ್ಯ. ತಾಯಿಗೆ ಎದುರು ಹೇಳುವ ಜಾಯಮಾನದವನಲ್ಲ.

“ನಂಗೇನೂ ಗೊತ್ತಿಲ್ಲ ಕಣೇ. ನಿಮ್ಮತ್ತೇನೇ ಕೇಳು,” ಎಂದು ಟೋಪಿ ಹಾಕಿಕೊಂಡು ಶಿಫ್ಟಿಗೆ ಹೊರಟುಬಿಡುತ್ತಿದ್ದ.

ಮನೆ ಎಂದರೆ ಮುಂದೊಂದು ಕೋಣೆ, ಹಿಂದೆ ಒಲೆ ಇಟ್ಟ ಇನ್ನೊಂದು, ಮೇಲೆ ತಗಡು. ಪಕ್ಕದ ಮನೆಗೂ ನಮಗೂ ನಡುವೆ ಇದ್ದದ್ದು ಸುಣ್ಣ ಬಳಿದ ತೆಳು ಗೋಡೆ. ಅತ್ತ ಪೊನ್ನಮ್ಮ ಕರುವಾಡು, ಅಂದರೆ ಒಣಮೀನು, ಹುರಿದರೆ ಇತ್ತ ನಮ್ಮ ಮುದ್ದೆಗೆ ಅದೇ ವಾಸನೆ. ಅಜ್ಜಿ ಮೂಗು ಮುಚ್ಚಿಕೊಂಡೇ ಇನ್ನೊಂದು ತುತ್ತು ಮುರಿಯುತ್ತಿದ್ದಳು. ರಾಗಿ ಕ್ಯಾಸಂಬಳ್ಳಿಯಿಂದ, ಅಜ್ಜಿಯ ತಮ್ಮನ ಹೊಲದಿಂದ ಬರುತ್ತಿತ್ತು. ಅದನ್ನು ಬೀಸುವ ಕಲ್ಲು ಒಲೆಯ ಪಕ್ಕದಲ್ಲಿ. ಆಗಾಗ ಭೂಮಿಯೊಳಗೆ ಎಲ್ಲೋ ಬಂಡೆ ತಾನಾಗಿ ಸಿಡಿದು ಮನೆ ನಡುಗುತ್ತಿತ್ತು, ಹಲಗೆಯ ಮೇಲಿನ ಲೋಟಗಳು ಒಂದಕ್ಕೊಂದು ತಾಗುತ್ತಿದ್ದವು. ಲೈನಿನ ಹೆಂಗಸರೆಲ್ಲ ಕೈಯಲ್ಲಿದ್ದದ್ದನ್ನು ಬಿಟ್ಟು ಬಾಗಿಲಿಗೆ ಬರುತ್ತಿದ್ದರು. ಸ್ವಲ್ಪ ಹೊತ್ತು ಹಾಗೇ ನಿಂತು, ಗಣಿಯ ಕಡೆಯಿಂದ ಯಾರೂ ಓಡಿ ಬರದಿದ್ದರೆ, ಒಬ್ಬೊಬ್ಬರಾಗಿ ಒಳಗೆ ಹೋಗಿ ಒಗ್ಗರಣೆ ಮುಂದುವರಿಸುತ್ತಿದ್ದರು. ನಮಗೆ ಮಕ್ಕಳಿಗೆ ಅದು ಮಳೆ ಬಂದು ನಿಂತ ಹಾಗೆ, ಅಷ್ಟೆ.

ಅವ್ವ ಅಜ್ಜಿಯ ಕಟ್ಟಳೆಯಲ್ಲೊಂದು ಸಂದು ಕಂಡುಹಿಡಿದಿದ್ದಳು. ಹಾಡಬಾರದು ನಿಜ, ಮಾತಾಡಬಾರದೆಂದು ಯಾರು ಹೇಳಿದ್ದಾರೆ? ರಾಗಿ ಬೀಸುತ್ತ ತನಗೆ ಬರುವ ಪದಗಳನ್ನೆಲ್ಲ ರಾಗ ತೆಗೆದುಹಾಕಿ ಬರೀ ಮಾತಿನಲ್ಲಿ ಹೇಳಿಕೊಳ್ಳುತ್ತಿದ್ದಳು. ಎದುರಿಗೆ ಕೂತು ಕಲ್ಲಿನ ಗೂಟಕ್ಕೆ ನಾನೂ ಕೈ ಕೊಡುತ್ತಿದ್ದೆ. ಕಲ್ಲು ಒಂದು ಸುತ್ತು ಬರುವುದಕ್ಕೂ ಸಾಲು ಒಂದು ಮುಗಿಯುವುದಕ್ಕೂ ಸರಿಹೋಗಬೇಕು. ಉದ್ದವಾದರೆ ಅವ್ವ ಅಲ್ಲೇ ಒಂದು ಮಾತನ್ನು ತೆಗೆದು ಚಿಕ್ಕದೊಂದನ್ನು ಇಡುತ್ತಿದ್ದಳು, ಗಿಡ್ಡವಾದರೆ “ಅಮ್ಮ” ಎಂದೋ “ತಂಗಿ” ಎಂದೋ ಸೇರಿಸುತ್ತಿದ್ದಳು. ಅಜ್ಜಿ ಬಾಗಿಲಲ್ಲಿ ಕೂತು ಎಲೆ ಅಡಿಕೆ ಜಗಿಯುತ್ತ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು, ಬೇಡವೆನ್ನುತ್ತಿರಲಿಲ್ಲ. ಇತ್ತ ಹೀಗಾದರೆ ಅತ್ತ ಪೊನ್ನಮ್ಮನ ಮನೆಯಲ್ಲಿ ರೇಡಿಯೋ. ಆ ಸಾಲಿಗೆಲ್ಲ ಅದೊಂದೇ. ಅದರಿಂದ ಗೋಡೆ ದಾಟಿ ಬರುತ್ತಿದ್ದ ತಮಿಳು ಹಾಡಿನ ಮಾತು ನನಗೆ ಅರ್ಧ ತಿಳಿಯುತ್ತಿರಲಿಲ್ಲ, ಮಟ್ಟು ಮಾತ್ರ ಪೂರ್ತಿ ಬಂದು ತಲೆಯಲ್ಲಿ ಕೂರುತ್ತಿತ್ತು. ಒಂದು ಕಡೆ ಮಟ್ಟಿಲ್ಲದ ಮಾತು, ಇನ್ನೊಂದು ಕಡೆ ಮಾತಿಲ್ಲದ ಮಟ್ಟು. ನಾನು ಅದನ್ನು ಇದಕ್ಕೆ ಹೊಂದಿಸುತ್ತ, ತುಟಿ ಅಲ್ಲಾಡಿಸದೆ, ಮನಸ್ಸಿನಲ್ಲೇ ಹಾಡಿಕೊಳ್ಳುತ್ತ ಬೆಳೆದೆ. ಮುಂದೆ ಮದರಾಸಿನಲ್ಲಿ ಸಂಗೀತ ನಿರ್ದೇಶಕರು ಹಾರ್ಮೋನಿಯಂ ಮುಂದೆ ಕೂತು “ಇದು ಮಟ್ಟು, ಮಾತು ಕೊಡಿ” ಎಂದಾಗ ನನಗೆ ಅದು ಹೊಸ ಕೆಲಸ ಅನ್ನಿಸಲೇ ಇಲ್ಲ. ನಾನು ಸಾಲುಗಳನ್ನು ಹಾಡದೆ ಬರೀ ಮಾತಾಗಿ ಹೇಳುತ್ತಿದ್ದೆ. “ಅಮ್ಮಾ, ಇದು ಪ್ರೇಮಗೀತೆಯೋ, ಅಂಗಡಿಗೆ ಹೇಳುವ ಸಾಮಾನೋ?” ಎಂದು ಗಾಯಕರೊಬ್ಬರು ಕಾಲೆಳೆದಿದ್ದರು. ಮಾತಾಗಿ ಹೇಳಿದಾಗ ನಿಲ್ಲದ ಸಾಲು ಹಾಡಿದಾಗಲೂ ನಿಲ್ಲುವುದಿಲ್ಲ ಎಂದು ನಾನೂ ಜೋರಾಗಿಯೇ ಹೇಳಿದೆ.

ಆದರೂ ಅವ್ವನಿಗೆ ಮಾತು ಸಾಕಾಗುತ್ತಿರಲಿಲ್ಲ. ಕೆಲವೊಮ್ಮೆ ಸಾಲಿನ ಕೊನೆ ತನ್ನಷ್ಟಕ್ಕೆ ಮೇಲೇಳುತ್ತಿತ್ತು. ತಕ್ಷಣ ಬಾಗಿಲ ಕಡೆಯಿಂದ ದನಿ:

“ಏಮೇ, ಏನದು?”

“ಏನಿಲ್ಲತ್ತೆ. ಕೆಮ್ಮು.”

“ಕೆಮ್ಮು ರಾಗದಾಗ್ ಬತ್ತದಾ ನಿಂಗೆ?”

ಹೀಗೆ ಶುರುವಾದದ್ದು ಬಿಸಿಯಾಗಿ ಎರಡು ದಿನ ಮಾತು ಬಿಡುವ ತನಕ ಹೋಗುತ್ತಿತ್ತು. ಬಾಯಿ ಮುಚ್ಚಿ ಗುನುಗುವುದು ಹಾಡೋ ಅಲ್ಲವೋ ಎಂಬ ಬಗ್ಗೆ ಅತ್ತೆ ಸೊಸೆ ವಾದ ಹೂಡಿದ್ದು ನನಗೆ ಚೆನ್ನಾಗಿ ನೆನಪಿದೆ. ಹಾಡೇ ಎಂದು ಅಜ್ಜಿ ತೀರ್ಪು ಕೊಟ್ಟಳು. ನನ್ನ ತಮ್ಮ ಹುಟ್ಟಿದಾಗ ಲಾಲಿಯನ್ನೂ ಅವ್ವ ಮಾತಿನಲ್ಲೇ ಹೇಳಬೇಕಾಯಿತು, ಅವನು ಪಾಪ ಅದಕ್ಕೇ ಮಲಗುವುದನ್ನು ಕಲಿತ. ಆಗ ನನಗೆ ಅಜ್ಜಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ತಾತ ಗಣಿಯೊಳಗೆ ಸತ್ತಿದ್ದ, ಅಪ್ಪ ಆಗ ಕೈಗೂಸು ಎಂಬುದಷ್ಟೇ ನಮಗೆ ಗೊತ್ತಿತ್ತು. ಆ ಭಯಕ್ಕೆ ಮುದುಕಿ ಹೀಗೆ ಮಾಡುತ್ತಾಳೆಂದು ಅಪ್ಪನೂ ತಿಳಿದಿದ್ದ, ಅವ್ವನೂ ತಿಳಿದಿದ್ದಳು.

ನಾನು ಮೂರನೆಯ ಕ್ಲಾಸಿನಲ್ಲಿದ್ದಾಗ ರತ್ನ ಚಿಕ್ಕಮ್ಮನ ಮದುವೆ ಗೊತ್ತಾಯಿತು. ಅವಳು ಅವ್ವನ ಒಬ್ಬಳೇ ತಂಗಿ. ತಾಯಿ ಇಲ್ಲದ ಅವಳನ್ನು ಎತ್ತಿ ಆಡಿಸಿದವಳು ಅವ್ವನೇ. ನಮ್ಮವರಲ್ಲಿ ಮದುಮಗಳು ತಾನಾಗಿ ಹಸೆಮಣೆಗೆ ನಡೆದು ಬರುವಂತಿಲ್ಲ. ಅವಳು ಒಳಕೋಣೆಯಲ್ಲಿ ಕೂತಿರುತ್ತಾಳೆ. ಅಕ್ಕನೋ ಅತ್ತೆಯೋ ಹಾಡಿನಲ್ಲಿ ಕರೆಯಬೇಕು. ಒಂದೊಂದು ಸಾಲಿಗೆ ಒಂದೊಂದು ಹೆಜ್ಜೆ ಇಟ್ಟು ಅವಳು ಹಸೆಗೆ ಬರುತ್ತಾಳೆ, ಹಾಡು ನಿಂತರೆ ಅವಳೂ ನಿಲ್ಲುತ್ತಾಳೆ. ಅಕ್ಕನೇ ಕರೆಯಬೇಕು, ಬೇರೆ ಯಾರು ಕರೆದರೂ ಏಳುವುದಿಲ್ಲ ಎಂದು ಚಿಕ್ಕಮ್ಮ ಹಟ ಹಿಡಿದಿದ್ದಳು. ಅದಕ್ಕೇ ಅಪ್ಪ ಯಾರ ಯಾರ ಕೈಕಾಲೋ ಹಿಡಿದು ಮದುವೆಯ ಹಿಂದಿನ ರಾತ್ರಿಯ ಶಿಫ್ಟ್ ಹಾಕಿಸಿಕೊಂಡ. ಬೆಳಗಾಗುತ್ತಲೇ ಮೇಲೆ ಬಂದು, ಮೊದಲ ರೈಲುಗಾಡಿ ಹತ್ತಿ ಬಂಗಾರಪೇಟೆಗೆ ಬಂದುಬಿಟ್ಟರೆ ಅವ್ವ ನಿಶ್ಚಿಂತೆಯಾಗಿ ಹಾಡಬಹುದು. ನಾವು ಹೊರಡುವಾಗ ಅವಳಿಗೆ ಹೇಳಿದ:

“ಚಪ್ಪರದಾಗೆ ನಿನ್ ಎದ್ರುಗೇ ಕುಂತ್ಕೊಂತೀನಿ. ನನ್ ಮುಖ ನೋಡ್ಕೊಂಡೇ ಪದ ಆಡೀವಂತೆ.”

ಅವ್ವ ನಾಚಿಕೊಂಡು ಸೆರಗು ಸರಿಮಾಡಿಕೊಂಡಳು. ಆ ವಾರವೆಲ್ಲ ಅವಳು ಬಿಸಿನೀರಿಗೆ ಉಪ್ಪು ಹಾಕಿ ಗಂಟಲು ತೊಳೆಯುತ್ತಿದ್ದಳು. ನಾವು, ಅಜ್ಜಿಯೂ ಸೇರಿ, ಎರಡು ದಿನ ಮುಂಚೆಯೇ ಬಂಗಾರಪೇಟೆಗೆ ಹೋದೆವು.

ಮದುವೆಯ ಬೆಳಿಗ್ಗೆ ಗಾಡಿ ಬಂತು. ಅಪ್ಪ ಬರಲಿಲ್ಲ. ಅದೇ ಗಾಡಿಯಲ್ಲಿ ಬಂದ ಲೈನಿನ ಗಂಡಸೊಬ್ಬ ಹೇಳಿದ, ಬದಲಿ ಜನ ಕಡಿಮೆ ಬಂದರಂತೆ, ರಾತ್ರಿಯವರಲ್ಲಿ ಕೆಲವರನ್ನು ಹಗಲಿಗೂ ಉಳಿಸಿಕೊಂಡರಂತೆ, ಅಪ್ಪನೂ ಅದರಲ್ಲಿ ಸೇರಿದ್ದಾನೆ, ಇನ್ನೂ ಒಳಗೇ ಇದ್ದಾನೆ. ಅವನು ಸಹಜವಾಗಿ ಹೇಳಿ ತಿಂಡಿಗೆ ಕೂತ. ಅವ್ವ ಅಲ್ಲೇ ಕಂಬ ಹಿಡಿದುಕೊಂಡಳು.

ನಾನು ಚಿಕ್ಕಮ್ಮನ ಜೊತೆ ಒಳಕೋಣೆಯಲ್ಲಿದ್ದೆ. ಅರಿಶಿನದ ಸೀರೆ ಉಟ್ಟು, ಮೊಣಕಾಲಿಗೆ ಗಲ್ಲ ಊರಿ ಕೂತಿದ್ದ ಅವಳು ನನ್ನ ಕೈ ಬಿಟ್ಟಿರಲಿಲ್ಲ. ಹೊರಗೆ ಅವ್ವನ ಸೋದರತ್ತೆ ಪಾಪಮ್ಮನ ದನಿ ಏರಿತ್ತು. ಎಲ್ಲ ಮದುವೆಗಳ ಯಜಮಾನಿಕೆಯೂ ತನ್ನದೇ ಎಂದು ತಿಳಿದ ಹೆಂಗಸು ಅವಳು.

“ಮುಹೂರ್ತ ಮೀರ್ತದೆ. ಆಡ್ಬಾರ್ದೇನೇ? ತಂಗೀನ ಕರ್ಯಾಕೂ ನಿನ್ ಬಾಯ್ ಬತ್ತಿಲ್ವಾ?”

“ಅವ್ರಿನ್ನೂ ಒಳ್ಗವ್ರೆ ಅತ್ತೆ,” ಎಂದಳು ಅವ್ವ.

“ಆಂಗಾದ್ರೆ ನಾನೇ ಕರೀತೀನಿ ಬಿಡು.”

ಚಿಕ್ಕಮ್ಮ ಒಳಗಿನಿಂದಲೇ ಕೂಗಿದಳು:

“ಅಕ್ಕ ಕರೀದೆ ನಾನು ಏಳಾಕಿಲ್ಲ!”

“ನೋಡ್ದಾ? ಮದ್ವೆ ನಿಂತ್ರೆ ನಿನ್ನಿಂದ್ಲೇ ನಿಂತಂಗೆ,” ಎಂದಳು ಪಾಪಮ್ಮ.

ಬಾಗಿಲ ಸಂದಿಯಲ್ಲಿ ನನಗೆ ಅವ್ವನ ಮುಖ ಕಾಣುತ್ತಿತ್ತು. ಬಾಯಿ ತೆರೆದಳು, ಮುಚ್ಚಿದಳು. ಅವಳು ಆ ಕಟ್ಟಳೆಯನ್ನು ಎಷ್ಟು ಬೈದುಕೊಂಡಿದ್ದರೂ ಅಷ್ಟು ವರ್ಷಗಳಲ್ಲಿ ಅದು ಅವಳೊಳಗೂ ಇಳಿದಿತ್ತು. ಹಾಡಿದರೆ ಗಂಡನಿಗೆ ಏನೋ ಆಗುತ್ತದೆ ಎಂದು ಅವಳೂ ಹೆದರಿದ್ದಳು. ಹಾಡದಿದ್ದರೆ ತಂಗಿ ಹಸೆಗೆ ಬರುವುದಿಲ್ಲ. ಆ ಹೊತ್ತಿನಲ್ಲಿ ಗೋಡೆಗೆ ಒರಗಿ ಕೂತಿದ್ದ ಅಜ್ಜಿ ಎಲೆ ಅಡಿಕೆ ಉಗಿದು ಬಂದು, ಸೆರಗಿನಿಂದ ಬಾಯಿ ಒರೆಸಿಕೊಂಡಳು. ಬೈಗುಳ ಬರುತ್ತದೆಂದು ನಾನು ಕಾದೆ.

“ಆಡು,” ಎಂದಳು.

ಅವ್ವ ಕೇಳಿಸದವಳ ಹಾಗೆ ನೋಡಿದಳು.

“ನಾನೇ ಆಡು ಅಂತಾ ಇವ್ನಿ. ಆಡಮ್ಮ. ಆಡಿದ್ರೂ ನಿನ್ನೇ ಅಂತಾರೆ, ಆಡ್ದಿದ್ರೂ ನಿನ್ನೇ ಅಂತಾರೆ. ಆಡೇ ಅನ್ನಿಸ್ಕೋ.”

ಅವ್ವ ಹಾಡಿದಳು. ನಾನು ಹುಟ್ಟಿದ ಮೇಲೆ ಅವಳ ತೆರೆದ ದನಿಯನ್ನು ಕೇಳಿದ್ದು ಅದೇ ಮೊದಲು. ಶುರುವಿನಲ್ಲಿ ಬಿರುಕು ಬಿಟ್ಟಿತು, ಎರಡನೆಯ ಸಾಲಿಗೆ ತೆರೆಯಿತು, ಮೂರನೆಯದಕ್ಕೆ ಅಡಿಗೆಮನೆಯ ಹೆಂಗಸರು ಸೌಟು ಹಿಡಿದೇ ಹೊರಗೆ ಬಂದರು. ಬೀಸುಕಲ್ಲಿನ ಮುಂದೆ ನಾನು ಬರೀ ಮಾತಾಗಿ ಕೇಳಿದ್ದ ಪದವೇ ಅದು. ಒಂದಕ್ಷರವೂ ಬೇರೆಯಲ್ಲ. ಆದರೂ ನನಗೆ ಗುರುತೇ ಸಿಗಲಿಲ್ಲ.

ಹಸೆಯ ಮೇಲಿನ ಹೂವ ತುಳಿದು ಬಾರಮ್ಮ ತಂಗಿ,
ಬಿಸಿಲು ಬಾಗಿಲಲಿ ತಡೆದೈತೆ.

ಚಿಕ್ಕಮ್ಮ ಎದ್ದಳು. ನನ್ನ ಕೈ ಹಿಡಿದೇ ಹೊಸ್ತಿಲು ದಾಟಿ ಅಂಗಳಕ್ಕೆ ಕಾಲಿಟ್ಟಳು. ಅವ್ವ ಹಾಡುತ್ತ ಹಿಂದೆ ಹಿಂದೆ ಸರಿಯುತ್ತಿದ್ದಳು, ನಾವು ಮುಂದೆ ಮುಂದೆ ಹೋಗುತ್ತಿದ್ದೆವು. ಹಸೆಗೂ ನಮಗೂ ಇನ್ನು ಅರ್ಧ ಅಂಗಳ ಉಳಿದಿತ್ತು. ಆಗ ಚಪ್ಪರದ ಬಾಗಿಲಿಂದ ಪೊನ್ನಮ್ಮ ಒಳಗೆ ಬಂದಳು. ಅವಳೂ ಮದುವೆಗೆಂದೇ ಹೊರಟವಳು, ಎರಡನೆಯ ಗಾಡಿಯಲ್ಲಿ ಬಂದಿದ್ದಳು. ಕೈಯಲ್ಲಿ ಹೂವಿನ ಪೊಟ್ಟಣ ಇತ್ತು. ಮುಖ ನೋಡಿದ ಕೂಡಲೇ ಗೊತ್ತಾಯಿತು.

“ಅಕ್ಕಾ, ಒಳಗೆ ಬಂಡೆ ಒಡ್ದಿರುಚ್ಚು. ನಮ್ ಆಳುಂಗ ಯಾರೂ ಇನ್ನೂ ಮೇಲೆ ಬಂದಿಲ್ಲ. ಗಣಿ ಸೈರನ್ ಊದ್ತಾನೇ ಇದೆ.”

ಹಾಡು ನಿಂತಿತು. ಚಿಕ್ಕಮ್ಮನೂ ಅಂಗಳದ ನಡುವೆ ನಿಂತಳು. ಗಂಡಸರು ಏನು ಎತ್ತ ಎಂದು ಪೊನ್ನಮ್ಮನನ್ನು ಸುತ್ತುವರಿದರು, ಒಬ್ಬಿಬ್ಬರು ಸ್ಟೇಷನ್ನಿನ ಕಡೆ ಓಡಿದರು. ಹೆಂಗಸರು ಯಾರೂ ಓಡಲಿಲ್ಲ. ಅವರೆಲ್ಲ ಅವ್ವನ ಕಡೆ ತಿರುಗಿದ್ದರು. ಅವಳ ಕಣ್ಣನ್ನಲ್ಲ, ಬಾಯನ್ನು ನೋಡುತ್ತಿದ್ದರು. ಆಡು ಆಡು ಎಂದು ಜೀವ ತಿಂದಿದ್ದ ಪಾಪಮ್ಮನೇ ಮೊದಲು ಅಂದಳು:

“ಒಳ್ಗಿದ್ದಾಗ ಆಡ್ಬಿಟ್ಲಲ್ಲಪ್ಪ.”

ಅವ್ವ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ನನಗೆ ಇವತ್ತಿಗೂ ಸಹಿಸಲಾಗದ ನೆನಪು ಅದೊಂದೇ. ಅಜ್ಜಿ ಬಂದು ಆ ಕೈಗಳನ್ನು ಹಿಡಿದು ಕೆಳಗಿಳಿಸಿದಳು. ಆಮೇಲೆ ಅವ್ವನಿಗೆ ಬೆನ್ನು ಕೊಟ್ಟು ಆ ಹೆಂಗಸರ ಎದುರು ನಿಂತಳು.

“ನಮ್ಮನೆಯೋನು ಸತ್ತ ದಿನ ಆಡಿದ್ದೋಳು ನಾನು ಕಣ್ರೇ. ಈ ಮಗಂಗೆ ತೊಟ್ಲು ಕಟ್ಟಿದ್ ದಿನ ಅದು. ಪದ ಮುಗ್ಯೋ ಮೊದ್ಲೇ ಸುದ್ದಿ ಬಂತು. ನೀವ್ ಈಗ್ ನೋಡ್ತಾ ಇದೀರಲ್ಲ, ಇಂಗೇ ನೋಡಿದ್ರು ನನ್ನ. ಗಂಡನ್ನ ಆಡಿ ಸಾಯಿಸ್ದೋಳು ಅಂದ್ರು. ನಮ್ಮತ್ತೆ ಸಾಯೋಗಂಟ ನನ್ ಕೈಯ್ಯಾಗೆ ನೀರ್ ಈಸ್ಕಣ್ಲಿಲ್ಲ. ನಾನೂ ನಿಜಾನೇ ಅಂದ್ಕೊಂಡೆ. ಆಮ್ಯಾಕೆ ನೋಡ್ದೆ, ಆಡ್ದೇ ಇದ್ ಮನೆಗ್ಳಾಗೂ ಗಂಡಸ್ರು ಸತ್ರು. ಬಂಡೆಗೆ ಏನ್ ಕಿವಿ ಐತಾ? ನಿಮ್ಗೈತೆ. ನನ್ ಸೊಸೆ ಬಾಯಿ ಕಟ್ಟಿದ್ದು ಬಂಡೆಗೆ ಎದ್ರಿ ಅಲ್ಲ. ನಿಮ್ಗೆ ಎದ್ರಿ.”

ಅಜ್ಜಿ ಎರಡೂ ಕೈಗಳನ್ನು ಸೊಂಟಕ್ಕೆ ಒತ್ತಿ ಹಿಡಿದಳು. ಒಳಗಿರುವವನು ಅವಳಿಗೆ ಇರುವ ಒಬ್ಬನೇ ಮಗ.

“ನನ್ ಮಗ ಬರ್ಲಿ, ಬರ್ದೇ ಓಗ್ಲಿ. ಇವ್ಳ್ ಬಾಯಿಗೆ ಯಾರೂ ಬೊಟ್ಟು ಮಾಡ್ಬಾರ್ದು. ಮಾಡೋರು ನನ್ಗೆ ಮಾಡ್ರಿ, ನಂಗೆ ರೂಢಿ ಐತೆ.”

ಆಮೇಲೆ ಅವ್ವನ ಕಡೆ ತಿರುಗಿ, ಮನೆಯಲ್ಲಿ ಒಲೆ ಮುಂದೆ ಹೇಳುವ ದನಿಯಲ್ಲೇ ಹೇಳಿದಳು:

“ಮಗು ನಡು ಅಂಗಳದಾಗೆ ನಿಂತೈತೆ. ಮುಗ್ಸು.”

ಅವ್ವ ಹೇಗೆ ಹಾಡಿದಳೆಂದು ನನ್ನನ್ನು ಕೇಳಬೇಡಿ. ಎಷ್ಟೋ ಸಲ ಬರೆಯಲು ಕೂತಿದ್ದೇನೆ, ಬಂದಿಲ್ಲ. ಕಣ್ಣಿಂದ ನೀರು ಸುರಿಯುತ್ತಿತ್ತು. ದನಿ ಒದ್ದೆಯಾಗಲಿಲ್ಲ. ಸಾಲು ಒಂದೂ ತಪ್ಪಲಿಲ್ಲ. ಎದುರು ದನಿ ಕೊಡಬೇಕಾದ ಹೆಂಗಸರು ಮೊದಲು ಸುಮ್ಮನಿದ್ದರು, ಆಮೇಲೆ ಸೌಟು ಹಿಡಿದವಳೊಬ್ಬಳು ಮೆಲ್ಲಗೆ ಸೇರಿಕೊಂಡಳು, ಅವಳ ಹಿಂದೆ ಇನ್ನೊಬ್ಬಳು. ಕನ್ನಡ ಅರೆಬರೆ ಬರುವ ಪೊನ್ನಮ್ಮನೂ ಸೋಬಾನೆ ಎನ್ನುವಲ್ಲಿಗೆ ದನಿ ಕೂಡಿಸಿದಳು. ಪಾಪಮ್ಮ ಕೊನೆಯ ತನಕ ಹಾಡಲಿಲ್ಲ. ಚಿಕ್ಕಮ್ಮ ಒಂದೊಂದು ಸಾಲಿಗೂ ಒಂದೊಂದು ಹೆಜ್ಜೆ ಇಟ್ಟು ಹಸೆಗೆ ಬಂದು ಕೂತಳು. ತಾಳಿ ಕಟ್ಟುವ ಹೊತ್ತಿಗೆ ಅಕ್ಷತೆಯ ಜೊತೆ ಅವಳ ತಲೆಯ ಮೇಲೆ ಬಿದ್ದದ್ದು ಅವ್ವನ ಕಣ್ಣೀರೂ ಹೌದು. ಅಜ್ಜಿ ಊಟಕ್ಕೆ ಕೂರಲಿಲ್ಲ. ಬೀದಿ ಬಾಗಿಲಲ್ಲಿ, ಸ್ಟೇಷನ್ನಿನ ಕಡೆ ಮುಖ ಮಾಡಿ ಕೂತವಳು ಕೂತೇ ಇದ್ದಳು.

ಅಪ್ಪ ಬಂದದ್ದು ಸಾಯಂಕಾಲದ ಗಾಡಿಗೆ. ಹಣೆಗೆ ಬಟ್ಟೆ ಸುತ್ತಿತ್ತು, ಕಿವಿಯೊಳಗೆಲ್ಲ ಬೂದು ಧೂಳು, ಮದುವೆಗೆಂದು ಇಸ್ತ್ರಿ ಮಾಡಿಸಿದ್ದ ಅಂಗಿ ಕೈಯಲ್ಲಿ ಮಡಿಸಿದ ಹಾಗೇ ಇತ್ತು. ಅವನ ತಂಡದವರೆಲ್ಲ ಬದುಕಿ ಬಂದಿದ್ದರು. ಇನ್ನೊಂದು ತಂಡದಲ್ಲಿ ಬಾರದವರಿದ್ದರು, ಅದನ್ನು ಅವನು ಆಮೇಲೆ ಹೇಳಿದ. ಅವನನ್ನು ಕಂಡದ್ದೇ ಮನೆಗೆ ಮನೆಯೇ ಬೀದಿಗೆ ಬಂತು. ದೇವರು ದೊಡ್ಡವನು ಎಂದು ಎಲ್ಲರಿಗಿಂತ ಗಟ್ಟಿಯಾಗಿ ಅಂದದ್ದು ಪಾಪಮ್ಮ. ಅವ್ವ ಬಾಗಿಲ ಮರೆಯಲ್ಲೇ ನಿಂತುಬಿಟ್ಟಳು. ಅಜ್ಜಿ ಎದ್ದು ಅವನ ಮೈ ಮೇಲೆಲ್ಲ ಕೈಯಾಡಿಸಿ ನೋಡಿ ಮತ್ತೆ ಕೂತಳು. ಅಪ್ಪನ ಕಣ್ಣು ಅವ್ವನನ್ನು ಹುಡುಕುತ್ತಿತ್ತು.

“ಮದ್ವೆ ಆಯ್ತಾ? ರತ್ನನ್ ಯಾರ್ ಕರುದ್ರು ಅಸೆಗೆ?” ಎಂದು ತಾಯಿಯನ್ನು ಕೇಳಿದ.

“ನಿನ್ ಎಂಡ್ತೀನೇ,” ಎಂದಳು ಅಜ್ಜಿ. “ನೀನ್ ಬತ್ತೀಯೋ ಇಲ್ವೋ ಅಂತ ಗೊತ್ತಿಲ್ದಾಗ್ಲೇ ಪೂರ್ತಿ ಆಡಿದ್ಲು.”